ಚಳಿಗಾಲದ ಬಿಲ್: ಹೊಸ ಫರ್ನೇಸಾ, ಹೀಟ್ ಪಂಪಾ, ಇಲ್ಲಾ ಅಟ್ಟಕ್ಕೊಂದು ಕಂಬಳಿಯಾ?

ಮಗಳು ಹುಟ್ಟಿದ್ದು ಡಿಸೆಂಬರ್‌ನಲ್ಲಿ. ಬಾಣಂತನಕ್ಕೆ ಅಂತ ಅತ್ತೆ ತೀರ್ಥಹಳ್ಳಿಯಿಂದ ಡೆಟ್ರಾಯಿಟ್‌ಗೆ ಬಂದಿಳಿದರು. ಡೆಟ್ರಾಯಿಟ್ ಅಂತ ಬಾಯಿಮಾತಿಗೆ ಹೇಳುವುದು, ನಾವಿರುವುದು ಪಕ್ಕದ ಉಪನಗರದಲ್ಲಿ, 1978ರಲ್ಲಿ ಕಟ್ಟಿದ ಮನೆ. ಬಾಣಂತಿ ಕೋಣೆ ಬೆಚ್ಚಗಿರಲೇಬೇಕು ಅನ್ನುವುದು ಅತ್ತೆಯ ಮೊದಲ ಕಾನೂನು. ನಾನು ಅತಿಜಾಣತನ ಮಾಡಿದೆ. ಇಡೀ ಮನೆ ಯಾಕೆ ಕಾಯಿಸಬೇಕು ಅಂತ ಥರ್ಮೋಸ್ಟ್ಯಾಟನ್ನು 70 ಡಿಗ್ರಿ ಫ್ಯಾರನ್‌ಹೀಟಿನಿಂದ 64ಕ್ಕೆ ಇಳಿಸಿದೆ. ಎರಡು ಬೆಡ್‌ರೂಮಿಗೂ ಒಂದೊಂದು ಸ್ಪೇಸ್ ಹೀಟರ್ ತಂದಿಟ್ಟೆ. ಜನವರಿ ಬಿಲ್ ಬಂತು. ಗ್ಯಾಸ್ 28 ಡಾಲರ್ ಇಳಿದಿತ್ತು. ಕರೆಂಟ್ 180 ಡಾಲರ್ ಏರಿತ್ತು.

ಲೆಕ್ಕ ಹಾಕಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಇಲ್ಲಿನ ಸ್ಪೇಸ್ ಹೀಟರ್ ಸಾಮಾನ್ಯವಾಗಿ 1,500 ವ್ಯಾಟ್. ಎರಡು ಹೀಟರ್, ದಿನಕ್ಕೆ 10 ಗಂಟೆ ಅಂದರೆ 30 ಯೂನಿಟ್. ತಿಂಗಳಿಗೆ 900. ಯೂನಿಟ್‌ಗೆ 20 ಸೆಂಟ್. ಮುಗೀತು.

ಆ ಬಿಲ್ ಬಂದ ಮೇಲೆ ಎರಡು ಚಳಿಗಾಲ ನಾನು ಇದನ್ನೇ ಹಿಡಿದು ಕೂತೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ, ಯಾರ ಮಾತು ಕೇಳಬಾರದು ಅಂತ. ಅಮೆರಿಕದ ಚಳಿ ರಾಜ್ಯಗಳಲ್ಲಿ ಮನೆ ಮಾಡಿರುವ ನಮ್ಮವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನಿಮ್ಮ ಮನೆಯ ಬಿಸಿ ಯಾವುದರಿಂದ ಅಂತ ನೋಡಿ

ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದೆಲ್ಲ ಆಮೇಲೆ. ಉರಿಯುವುದು ಏನು ಅನ್ನುವುದೇ ಮುಖ್ಯ. ಪೈಪಿನಲ್ಲಿ ಬರುವ ಗ್ಯಾಸಾ, ಹಿತ್ತಲಿನ ಟ್ಯಾಂಕಿನ ಪ್ರೊಪೇನಾ, ಕರೆಂಟಾ? ಗ್ಯಾಸ್ ಬಿಲ್‌ನಲ್ಲಿ ಥರ್ಮ್ ಅಂತ ಇರುತ್ತದೆ. ಒಂದು ಥರ್ಮ್ ಅಂದರೆ 1 ಲಕ್ಷ ಬಿಟಿಯು, ಬಿಟಿಯು ಅನ್ನುವುದು ಬಿಸಿ ಅಳೆಯುವ ಮಾನ. ಕೆಲವು ಕಡೆ ನೂರು ಘನ ಅಡಿ ಲೆಕ್ಕದಲ್ಲಿ ಬರೆಯುತ್ತಾರೆ, ಅದೂ ಹೆಚ್ಚುಕಮ್ಮಿ ಒಂದು ಥರ್ಮೇ. ಕರೆಂಟಿನಲ್ಲಿ ಅಷ್ಟೇ ಬಿಸಿ ಬೇಕು ಅಂದರೆ 29.3 ಯೂನಿಟ್ ಬೇಕು. ಈ 29.3 ಅನ್ನುವ ಸಂಖ್ಯೆಯೊಂದನ್ನು ನೆನಪಿಟ್ಟುಕೊಂಡರೆ ಯಾವ ಸೇಲ್ಸ್‌ಮನ್ ಮುಂದೆಯೂ ಧೈರ್ಯವಾಗಿ ಕೂರಬಹುದು.

ಗ್ಯಾಸ್ ಥರ್ಮ್‌ಗೆ 1.10 ಡಾಲರ್, ಕರೆಂಟ್ ಯೂನಿಟ್‌ಗೆ 20 ಸೆಂಟ್, ಪ್ರೊಪೇನ್ ಗ್ಯಾಲನ್‌ಗೆ 2.40 ಡಾಲರ್ ಅಂತ ಇಟ್ಟುಕೊಳ್ಳಿ. ನಿಮ್ಮ ಬಿಲ್ ನೋಡಿ ನಿಮ್ಮ ರೇಟ್ ಹಾಕಿಕೊಳ್ಳಿ. ಮನೆಯೊಳಗೆ 1 ಲಕ್ಷ ಬಿಟಿಯು ಬಿಸಿ ತುಂಬಲು ಆಗುವ ಖರ್ಚು ಹೀಗೆ:

- 95% ದಕ್ಷತೆಯ ಗ್ಯಾಸ್ ಫರ್ನೇಸ್ (ಇಡೀ ಮನೆ ಕಾಯಿಸುವ ಯಂತ್ರ): 1.16 ಡಾಲರ್
- 80% ದಕ್ಷತೆಯ ಹಳೇ ಗ್ಯಾಸ್ ಫರ್ನೇಸ್: 1.38
- ಹೀಟ್ ಪಂಪ್ (ತಿರುಗಿಸಿಟ್ಟ ಎಸಿ, ಮುಂದೆ ಹೇಳುತ್ತೇನೆ), ಹದವಾದ ಚಳಿಯಲ್ಲಿ: 1.95
- ಪ್ರೊಪೇನ್, 95% ಫರ್ನೇಸ್: 2.76
- ಹೀಟ್ ಪಂಪ್, ಕೊರೆಯುವ ಚಳಿಯಲ್ಲಿ: 2.93
- ಗೋಡೆಯ ಬುಡದಲ್ಲಿ ಕೂರಿಸುವ ಬೇಸ್‌ಬೋರ್ಡ್ ಹೀಟರ್, ಸ್ಪೇಸ್ ಹೀಟರ್, ಬೇರೆ ಯಾವುದೇ ಕರೆಂಟ್ ಕಾಯಿಲ್: 5.86

ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ನನ್ನ ಜಾಣತನದ ಬೆಲೆ ಅಲ್ಲಿದೆ. ಗ್ಯಾಸ್ ಇರುವ ಮನೆಯಲ್ಲಿ ಸ್ಪೇಸ್ ಹೀಟರ್ ಇಟ್ಟರೆ ಒಂದೇ ಬಿಸಿಗೆ ನಾಲ್ಕೈದು ಪಟ್ಟು ದುಡ್ಡು. ಒಂದೇ ಕೋಣೆಯಲ್ಲಿ ಒಬ್ಬರೇ ಕೂರುವುದು, ಉಳಿದ ಮನೆಯನ್ನು 58–60ಕ್ಕೆ ಇಳಿಸುವುದು ಅಂತಾದರೆ ಏನಾದರೂ ಉಳಿದೀತು. ಬಾಣಂತಿ, ಕೂಸು, ಅಜ್ಜಿ ಎಲ್ಲ ಮನೆ ತುಂಬ ಓಡಾಡುವಾಗ ಅದೆಲ್ಲ ಆಗದ ಮಾತು.

ಗಾಳಿ ತೋರಿಸಿದ ಊದುಬತ್ತಿ

ನಮ್ಮ ದೇವರ ಗೂಡು ಹೊರಗೋಡೆಗೆ ಒರಗಿದೆ. ಕೆಳಗೆ ಒಂದು ಪ್ಲಗ್ ಪಾಯಿಂಟ್. ಒಂದು ಬೆಳಿಗ್ಗೆ ಅತ್ತೆ ಊದುಬತ್ತಿ ಹಚ್ಚಿ ನೆಲದ ಹತ್ತಿರ ಇಟ್ಟಿದ್ದರು. ಹೊಗೆ ನೆಟ್ಟಗೆ ಮೇಲೇರಬೇಕು ತಾನೆ? ಪ್ಲಗ್ ಹತ್ತಿರ ಬಂದ ಕೂಡಲೇ ಯಾರೋ ಊದಿದ ಹಾಗೆ ಕೋಣೆಯ ಕಡೆ ಬಾಗುತ್ತಿತ್ತು. "ನೋಡಿ ಇಲ್ಲಿ, ಗೋಡೆಯಿಂದಾನೇ ಗಾಳಿ ಬರ್ತಿದೆಯಲ್ಲ" ಅಂದರು. ಕೈ ಹಿಡಿದೆ. ಹೊರಗಿನ ಚಳಿ ಬೆರಳಿಗೆ ತಾಗಿತು.

ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿಯನ್ನು ಮನೆ ಕೆಳಗಿನಿಂದ ಎಳೆದುಕೊಳ್ಳುತ್ತದೆ: ಪ್ಲಗ್ ಪಾಯಿಂಟು, ಬಾಗಿಲ ಅಡಿ, ಬೇಸ್‌ಮೆಂಟಿನ ಸಂದು. ಹಳೇ ಕಾಲದ ಬಚ್ಚಲ ಒಲೆಯ ಹೊಗೆಗೂಡು ಎಳೆಯುತ್ತದಲ್ಲ, ಇಡೀ ಮನೆಯೇ ಹಾಗೆ ಎಳೆಯುತ್ತಿರುತ್ತದೆ. ಹೊರಗೆ ಚಳಿ ಜಾಸ್ತಿಯಾದಷ್ಟೂ ಎಳೆತ ಜಾಸ್ತಿ. ಹೀಗಿರುವಾಗ ಫರ್ನೇಸ್ ಎಷ್ಟೇ ಒಳ್ಳೇದಾಗಿರಲಿ, ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಅವತ್ತು ಒಂದು ಕಟ್ಟು ಊದುಬತ್ತಿ ಹಿಡಿದು ಮನೆಯೆಲ್ಲ ಸುತ್ತಿದೆವು. ಸಿಕ್ಕಿದ್ದು: ಹೊರಗೋಡೆಯ ಏಳು ಪ್ಲಗ್‌ಗಳು, ಗರಾಜಿಗೆ ಹೋಗುವ ಬಾಗಿಲಿನ ಅಡಿ, ಡ್ರೈಯರ್ ಪೈಪ್ ಹೊರಗೆ ಹೋಗುವ ತೂತು. ಎಲ್ಲಕ್ಕಿಂತ ದೊಡ್ಡದು ಬೇಸ್‌ಮೆಂಟಿನಲ್ಲಿತ್ತು. ಕಾಂಕ್ರೀಟ್ ಗೋಡೆ ಮುಗಿದು ಅದರ ಮೇಲೆ ಮನೆಯ ಮರದ ಚೌಕಟ್ಟು ಕೂರುವ ಜಾಗ ಇದೆಯಲ್ಲ, ರಿಮ್ ಜಾಯ್‌ಸ್ಟ್ ಅನ್ನುತ್ತಾರೆ, ಅಲ್ಲಿ ಸುತ್ತಲೂ ಗಾಳಿ. ಕೆಲವು ಕಡೆ ಜೇಡರಬಲೆ ಅಲ್ಲಾಡುತ್ತಿತ್ತು. ಜೇಡ ಬಲೆ ಕಟ್ಟುವುದೇ ಗಾಳಿ ಬರುವ ಕಡೆ, ಅದಕ್ಕೆ ಗೊತ್ತು.

ಫೋಮ್ ಡಬ್ಬಿ, ಸಂದು ಮುಚ್ಚುವ ಅಂಟು ಅಂದರೆ ಕಾಲ್ಕ್, ಪ್ಲಗ್‌ಗಳ ಹಿಂದೆ ಹಾಕುವ ತೆಳು ಗ್ಯಾಸ್ಕೆಟ್, ಬಾಗಿಲಡಿಯ ಪಟ್ಟಿ ಎಲ್ಲ ಸೇರಿ 140 ಡಾಲರ್. ಎರಡು ಶನಿವಾರ. ಒಂದು ಎಚ್ಚರಿಕೆ: ಫರ್ನೇಸಿನ ಹೊಗೆ ಪೈಪ್ ಸುತ್ತ ಮಾಮೂಲಿ ಫೋಮ್ ಹಾಕಬೇಡಿ. ಅಲ್ಲಿಗೆ ತಗಡು, ಶಾಖ ತಡೆಯುವ ಕಾಲ್ಕ್ ಬೇಕು.

ಹೊಸ ಫರ್ನೇಸೋ, ಅಟ್ಟದ ಇನ್ಸುಲೇಶನ್ನೋ

ಬಿಲ್ ನೋಡಿ ಗಾಬರಿಯಾಗಿ ನಾನು ಮೊದಲು ಕರೆಸಿದ್ದು ಫರ್ನೇಸಿನವರನ್ನು. ಬಂದವನು ಹತ್ತೇ ನಿಮಿಷ ನೋಡಿ, "ಇದು 80 ಪರ್ಸೆಂಟಿನದು, 95ರದ್ದು ಹಾಕಿಸಿ, 7,000 ಡಾಲರ್" ಅಂದ. ಅಟ್ಟ ಹತ್ತಲಿಲ್ಲ. ಬೇಸ್‌ಮೆಂಟಿನ ಗೋಡೆ ಮುಟ್ಟಿ ನೋಡಲಿಲ್ಲ.

ನಿಮ್ಮದು ಯಾವ ಫರ್ನೇಸ್ ಅಂತ ತಿಳಿಯಲು ಅವನೇ ಬೇಕು ಅಂತಿಲ್ಲ. ಹೊಗೆ ಪೈಪ್ ನೋಡಿ. ತಗಡಿನ ಪೈಪ್ ಮೇಲಕ್ಕೆ ಚಿಮಣಿಗೆ ಹೋಗಿದ್ದರೆ ಹಳೇ ಥರದ್ದು, 80ರ ಆಸುಪಾಸು. ಬಿಳೀ ಪ್ಲಾಸ್ಟಿಕ್ ಪೈಪ್ ಪಕ್ಕದ ಗೋಡೆಯಿಂದ ಹೊರಗೆ ಹೋಗಿದ್ದರೆ 90ಕ್ಕಿಂತ ಮೇಲಿನದು. ಹೊಗೆಯಲ್ಲಿರುವ ಬಿಸಿಯನ್ನೂ ಹೀರಿಕೊಂಡು ಬಿಡುವುದರಿಂದ ಪ್ಲಾಸ್ಟಿಕ್ ತಡೆಯುವಷ್ಟು ತಣ್ಣಗಿನ ಗಾಳಿ ಹೊರಗೆ ಬರುತ್ತದೆ.

ನಾವು ವರ್ಷಕ್ಕೆ ಸುಮಾರು 900 ಥರ್ಮ್ ಉರಿಸುತ್ತಿದ್ದೆವು. 80ರಿಂದ 95ಕ್ಕೆ ಹೋದರೆ ಉಳಿಯುವುದು ನೂರಕ್ಕೆ 16ರಷ್ಟು, ಅಂದರೆ 142 ಥರ್ಮ್, 156 ಡಾಲರ್. 7,000 ಹಾಕಿ ವರ್ಷಕ್ಕೆ 156 ವಾಪಸ್. ಅಸಲು ಹುಟ್ಟುವ ಹೊತ್ತಿಗೆ ಅವತ್ತು ತೊಟ್ಟಿಲಲ್ಲಿದ್ದ ಮಗಳಿಗೆ 45 ವರ್ಷ ಆಗಿರುತ್ತದೆ. ಫರ್ನೇಸ್ ಅಷ್ಟು ಕಾಲ ಬಾಳುವುದೂ ಇಲ್ಲ.

ಹಾಗಂತ ಹೊಸ ಫರ್ನೇಸ್ ಯಾವತ್ತೂ ಬೇಡ ಅಂತಲ್ಲ. ಹಳೇದು 20 ವರ್ಷ ದಾಟಿ ಪದೇ ಪದೇ ಕೆಡುತ್ತಿದ್ದರೆ, ಉರಿಯ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಒಳಗಿನ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದ್ದರೆ, ಆಗ ಹೇಗೂ ಬದಲಿಸಬೇಕು. ಆಗ 95ರದ್ದನ್ನೇ ತಗೊಳ್ಳಿ. ಬಿರುಕು ಅಂತ ಯಾರಾದರೂ ಹೇಳಿದರೆ ಫೋಟೋ ಕೇಳಿ, ಇನ್ನೊಬ್ಬರಿಂದಲೂ ನೋಡಿಸಿ. ಈ ಒಂದು ಪದ ಹೇಳಿ ಹೆದರಿಸಿ ಮಾರುವವರು ಬೇಕಾದಷ್ಟಿದ್ದಾರೆ.

ನಾವು ಮಾಡಿದ್ದು ಎನರ್ಜಿ ಆಡಿಟ್. ಮುಂಬಾಗಿಲಿಗೆ ಕ್ಯಾನ್ವಾಸ್ ಕಟ್ಟಿ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಗೆಳೆಯುತ್ತಾರೆ, ಒಳಗೆ ಒತ್ತಡ 50 ಪ್ಯಾಸ್ಕಲ್ ಕಡಿಮೆಯಾಗುವ ತನಕ. ಆಮೇಲೆ ಶಾಖದ ಕ್ಯಾಮೆರಾ ಹಿಡಿದು ಸುತ್ತುತ್ತಾರೆ. ಅಟ್ಟದ ಮುಚ್ಚಳದ ಸುತ್ತ ಪರದೆಯ ಮೇಲೆ ನೀಲಿ ಚೌಕ ಕಂಡಿತು. ಬರೀ ಪ್ಲೈವುಡ್ ತುಂಡು, ಮೇಲೆ ಏನೂ ಇಲ್ಲ. ನಮ್ಮನೆ ಛಾವಣಿಯಲ್ಲಿ ಒಂದು ಚದರಕ್ಕೆ ಟೋಪಿಯೇ ಇರಲಿಲ್ಲ ಅನ್ನಿ.

ಉಳಿದ ಅಟ್ಟದಲ್ಲಿ ಐದು ಇಂಚು ಹಳದಿ ಫೈಬರ್‌ಗ್ಲಾಸ್, ಅದೂ ಕುಗ್ಗಿ ಹೋಗಿತ್ತು. ಇಲ್ಲಿನ ಚಳಿಗೆ ಅಟ್ಟಕ್ಕೆ ಆರ್-49ರಿಂದ ಆರ್-60 ಇರಬೇಕು ಅನ್ನುತ್ತಾರೆ. ಆರ್ ಅನ್ನುವುದು ಶಾಖ ತಡೆಯುವ ಶಕ್ತಿಯ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೇದು. ಊದಿ ತುಂಬುವ ಸೆಲ್ಯುಲೋಸ್, ಅಂದರೆ ಪುಡಿ ಮಾಡಿದ ಹಳೇ ಪೇಪರ್, ಇಂಚಿಗೆ ಸುಮಾರು ಆರ್-3.5 ಕೊಡುತ್ತದೆ. ಸುಮಾರು 14 ಇಂಚು ದಪ್ಪ ಬೇಕು. ಮೊದಲು ಅಟ್ಟದ ನೆಲದ ತೂತೆಲ್ಲ ಮುಚ್ಚಿ ಆಮೇಲೆ ತುಂಬಿ ಅಂತ ಕಡ್ಡಾಯವಾಗಿ ಹೇಳಿ. ಇನ್ಸುಲೇಶನ್ ಕಂಬಳಿ ಇದ್ದ ಹಾಗೆ, ಗಾಳಿ ನಿಲ್ಲಿಸುವುದಿಲ್ಲ. ಬೀಸುಗಾಳಿಯಲ್ಲಿ ಬರೀ ಕಂಬಳಿ ಹೊದ್ದು ನಿಂತು ನೋಡಿ, ಗೊತ್ತಾಗುತ್ತದೆ. ಹಳೇ ಮನೆಯ ಅಟ್ಟದಲ್ಲಿ ಬೂದು-ಚಿನ್ನದ ಬಣ್ಣದ ಹರಳು ಹರಳಾದ ವರ್ಮಿಕ್ಯುಲೈಟ್ ಕಂಡರೆ ಮಾತ್ರ ಕೈ ಹಾಕಬೇಡಿ. ಅದರಲ್ಲಿ ಕಲ್ನಾರು ಇರಬಹುದು. ಅದನ್ನು ತೆಗೆಯುವವರೇ ಬೇರೆ.

ನಮಗೆ 2,600 ಡಾಲರ್ ಆಯಿತು. ಮರುವರ್ಷ 900 ಥರ್ಮ್ 720ಕ್ಕೆ ಇಳಿಯಿತು. ಸುಮಾರು 200 ಡಾಲರ್ ಉಳಿತಾಯ. ಆ ವರ್ಷ ಚಳಿಯೂ ಸ್ವಲ್ಪ ಕಡಿಮೆ ಇತ್ತು, ನಾನು ಹೊಡೆದ ಫೋಮೂ ಇತ್ತು, ಹಾಗಾಗಿ ಪೂರ್ತಿ ಹೆಸರು ಅಟ್ಟಕ್ಕೆ ಕೊಡಲಾರೆ. 13 ವರ್ಷ ಬೇಕು ದುಡ್ಡು ಹುಟ್ಟೋಕೆ. ಅದೇನು ಮಹಾ ಲಾಭವಲ್ಲ ನಿಜ. ಆದರೆ ಮೊದಲ ರಾತ್ರಿಯೇ ವ್ಯತ್ಯಾಸ ಕಂಡಿತು. 68ರಲ್ಲೇ ಮನೆ ಮೊದಲಿನ 71ರ ಹಾಗೆ ಅನ್ನಿಸಿತು. ಮೈಗೆ ಚಳಿ ಆಗುವುದು ಬರೀ ಗಾಳಿಯ ಬಿಸಿಯಿಂದಲ್ಲ, ತಣ್ಣನೆ ಗೋಡೆ, ತಣ್ಣನೆ ಛಾವಣಿ ನಮ್ಮ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತಿರುತ್ತವೆ. ಫರ್ನೇಸ್ ಬದಲಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಕಿಟಕಿ ಬದಲಿಸುವವರು ಬಂದರೆ ಕಾಫಿ ಕೊಟ್ಟು ಕಳಿಸಿ. ಕಿಟಕಿ ಒಡೆದಿದ್ದರೆ, ಕೊಳೆತಿದ್ದರೆ ಸರಿ. ಬಿಲ್ ಇಳಿಸುವುದಕ್ಕೆ ಅಂತ ಅಷ್ಟು ದುಡ್ಡು ಸುರಿಯುವುದು ದಂಡ.

ಹೀಟ್ ಪಂಪ್ ಯಾರಿಗೆ

ಹೀಟ್ ಪಂಪ್ ಅಂದರೆ ತಿರುಗಿಸಿಟ್ಟ ಎಸಿ. ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಹೊರಗೆ ಹಾಕುವ ಯಂತ್ರವೇ ಚಳಿಗಾಲದಲ್ಲಿ ಹೊರಗಿನ ಬಿಸಿಯನ್ನು ಒಳಗೆ ತರುತ್ತದೆ. ಹೊರಗೆ ಹೆಪ್ಪುಗಟ್ಟುವ ಚಳಿ ಇರುವಾಗ ಬಿಸಿ ಎಲ್ಲಿಂದ ಅಂತ ಅತ್ತೆ ಕೇಳಿದರು. ಫ್ರೀಜರ್ ಹಿಂಭಾಗ ಮುಟ್ಟಿ ನೋಡಿ ಅಂದೆ. ಒಳಗಿನ ಮಂಜುಗಡ್ಡೆಯಿಂದಲೂ ಬಿಸಿ ಎಳೆದು ಹಿಂದೆ ಹಾಕುತ್ತದಲ್ಲ, ಹಾಗೆ. ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ, ಅಷ್ಟೇ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಹದವಾದ ಚಳಿಯಲ್ಲಿ ಮೂರು ಯೂನಿಟ್‌ನಷ್ಟು ಬಿಸಿ ಕೊಡುತ್ತದೆ. ಚಳಿ ಏರಿದಂತೆ ಇದು ಇಳಿಯುತ್ತದೆ. ಚಳಿ ಪ್ರದೇಶಕ್ಕೆ ಅಂತ ಎನರ್ಜಿ ಸ್ಟಾರ್, ಅಂದರೆ ಇಂಧನ ಉಳಿತಾಯದ ಸರ್ಕಾರಿ ಗುರುತು ಪಡೆದ ಮಾಡೆಲ್‌ಗಳು 5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 15 ಸೆಲ್ಸಿಯಸ್ ಕೆಳಗೂ, ಕನಿಷ್ಠ 1.75 ಪಟ್ಟು ಕೊಡಲೇಬೇಕು.

ಪಟ್ಟಿಗೆ ವಾಪಸ್ ಬನ್ನಿ. ನಿಮ್ಮ ಮನೆಯಲ್ಲಿ ಬೇಸ್‌ಬೋರ್ಡ್ ಹೀಟರ್ ಇದ್ದರೆ 5.86ರಿಂದ 1.95. ಯೋಚನೆಯೇ ಬೇಡ, ಹಾಕಿಸಿ. ಪೈಪ್ ಡಕ್ಟ್ ಇಲ್ಲದಿದ್ದರೆ ಗೋಡೆಗೆ ಕೂರಿಸುವ ಮಿನಿ ಸ್ಪ್ಲಿಟ್ ಸಾಕು, ಬೆಂಗಳೂರಿನ ಎಸಿಯ ಹಾಗೇ ಇರುತ್ತದೆ. ಪ್ರೊಪೇನ್ ಮನೆಗೂ ಹೆಚ್ಚಿನ ದಿನಗಳಲ್ಲಿ ಲಾಭ. ಮಿಶಿಗನ್‌ನ ಹಳ್ಳಿ ಕಡೆ ಪ್ರೊಪೇನ್ ಮನೆಗಳು ತುಂಬಾ ಇವೆ, ಅವರಿಗೆ ಇದನ್ನು ಖಂಡಿತ ಹೇಳುತ್ತೇನೆ. ಗ್ಯಾಸ್ ಪೈಪ್ ಇರುವ ನನ್ನಂಥವರಿಗೆ, ಈ ರೇಟಿನಲ್ಲಿ, ಬಿಲ್ ಇಳಿಯುವುದಿಲ್ಲ, ಏರುತ್ತದೆ. ಗ್ಯಾಸಿಗೆ ಸರಿಗಟ್ಟಲು ಪಂಪ್ ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್‌ನಷ್ಟು ಬಿಸಿ ಕೊಡಬೇಕು, ಇಲ್ಲಿನ ಜನವರಿಯಲ್ಲಿ ಅದು ಆಗದ ಮಾತು. ಹೊಗೆ ಕಡಿಮೆ ಮಾಡಬೇಕು ಅಂತ ಹಾಕಿಸುವವರು ಹಾಕಿಸಲಿ, ಒಳ್ಳೆಯದೇ. ದುಡ್ಡು ಉಳಿಯುತ್ತದೆ ಅಂತ ಹಾಕಿಸಬೇಡಿ. ಕರೆಂಟ್ 12 ಸೆಂಟ್ ಇರುವ ಊರಲ್ಲಿ ಅದೇ 1.95 ಅನ್ನುವುದು 1.17ಕ್ಕೆ ಇಳಿಯುತ್ತದೆ, ಅಲ್ಲಿ ಕತೆಯೇ ಬೇರೆ.

ಹಾಗೆ ಕರೆಂಟ್ ಅಗ್ಗವಿರುವ ಕಡೆ ಇನ್ನೊಂದು ದಾರಿ ನನಗೆ ಇಷ್ಟ. ನಿಮ್ಮ ಎಸಿ ಹಳೇದಾಗಿ ಕೆಟ್ಟಾಗ, ಎಸಿ ಬದಲು ಹೀಟ್ ಪಂಪ್ ತಂದು ಇರುವ ಫರ್ನೇಸಿಗೇ ಜೋಡಿಸಿ. ಅಕ್ಟೋಬರ್, ಏಪ್ರಿಲ್‌ಗೆ ಪಂಪ್, ಜನವರಿಗೆ ಗ್ಯಾಸ್. ಯಾವುದು ಅಗ್ಗವೋ ಆ ತಿಂಗಳು ಅದು.

ತೆರಿಗೆ ವಿನಾಯಿತಿ ನಂಬಿಕೊಂಡು ಲೆಕ್ಕ ಹಾಕುತ್ತಿದ್ದರೆ ನಿಲ್ಲಿ. ಹೀಟ್ ಪಂಪಿಗೆ 2,000 ಡಾಲರ್ ತನಕ ಸಿಗುತ್ತಿದ್ದ ಫೆಡರಲ್ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಳೇ ಕರಪತ್ರ ಹಿಡಿದು ಬರುವವರು ಇನ್ನೂ ಇದ್ದಾರೆ. ರಾಜ್ಯದ್ದು, ಕರೆಂಟ್ ಕಂಪನಿಯದ್ದು ಬೇರೆ ಇರುತ್ತದೆ, ಅದನ್ನು ಕೇಳಿ.

ಥರ್ಮೋಸ್ಟ್ಯಾಟ್ ಜಗಳ

ಇಲ್ಲಿನ ಇಂಧನ ಇಲಾಖೆ ಹೇಳುವುದು ಎಚ್ಚರವಿರುವಾಗ 68ರ ಆಸುಪಾಸು. ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಇಳಿಸಿಟ್ಟರೆ ವರ್ಷದ ಖರ್ಚಿನಲ್ಲಿ ನೂರಕ್ಕೆ ಹತ್ತರ ತನಕ ಉಳಿಯಬಹುದು. ಇಳಿಸಿ ಮತ್ತೆ ಏರಿಸಿದರೆ ಜಾಸ್ತಿ ಉರಿಯುತ್ತದೆ ಅನ್ನುವುದು ಗ್ಯಾಸ್ ಫರ್ನೇಸಿಗೆ ಸುಳ್ಳು. ಹೀಟ್ ಪಂಪಿಗೆ ಮಾತ್ರ ನಿಜವಾಗಬಹುದು. ಬೆಳಿಗ್ಗೆ ಒಮ್ಮೆಲೇ 8 ಡಿಗ್ರಿ ಏರಿಸಿದರೆ ಅದರೊಳಗಿನ ಸಹಾಯಕ ಕಾಯಿಲ್ ಹತ್ತಿಕೊಳ್ಳುತ್ತದೆ, ಅದು ಪಟ್ಟಿಯ ಕೊನೆಯ ಸಾಲಿನ ರೇಟು. ಪಂಪ್ ಇದ್ದವರು ಒಂದೇ ಕಡೆ ಇಟ್ಟು ಸುಮ್ನಿರಿ.

2019ರ ಜನವರಿ 30ರ ರಾತ್ರಿ ಮಿಶಿಗನ್‌ನಲ್ಲಿ ಎಲ್ಲರ ಫೋನೂ ಕೂಗಿಕೊಂಡಿದ್ದು ನೆನಪಿರಬಹುದು. ಒಂದು ಗ್ಯಾಸ್ ಕಂಪ್ರೆಸರ್ ಕೇಂದ್ರಕ್ಕೆ ಬೆಂಕಿ ಬಿದ್ದು, ಥರ್ಮೋಸ್ಟ್ಯಾಟ್ 65ಕ್ಕೆ ಇಳಿಸಿ ಅಂತ ಸಂದೇಶ. ಹೊರಗೆ ಸೊನ್ನೆ ಫ್ಯಾರನ್‌ಹೀಟಿಗಿಂತ ಕೆಳಗೆ. ನಾವು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತೆವು. ಸಾಯಲಿಲ್ಲ. ಕೂಸು, ವಯಸ್ಸಾದವರು ಇರುವ ಮನೆಯಲ್ಲಿ ಮಾತ್ರ ಈ ಶೌರ್ಯ ಬೇಡ.

ಮನೆ ಕಾಯಿಸುವುದು ಬೇರೆ, ಮೈ ಕಾಯಿಸುವುದು ಬೇರೆ. ಮಲೆನಾಡಿನಲ್ಲಿ ಯಾರೂ ಮನೆ ಕಾಯಿಸುವುದಿಲ್ಲ, ಒಲೆ ಮುಂದೆ ಕೂತು ಚಳಿ ಕಾಯಿಸುತ್ತಾರೆ, ಕಂಬಳಿ ಹೊದೆಯುತ್ತಾರೆ. ಇಲ್ಲಿ ಅದಕ್ಕೆ ಸಮ ಅಂದರೆ ಕರೆಂಟ್ ಹೊದಿಕೆ. 100 ವ್ಯಾಟ್, ರಾತ್ರಿಯಿಡೀ ಹಾಕಿದರೂ 16 ಸೆಂಟ್. ಅದೇ ರಾತ್ರಿಗೆ ಸ್ಪೇಸ್ ಹೀಟರ್ 2.40 ಡಾಲರ್. ಎಣ್ಣೆ ತುಂಬಿದ ಹೀಟರ್ ಒಳ್ಳೇದಾ, ಸೆರಾಮಿಕ್ಕಾ ಅಂತ ಕೇಳುವವರಿಗೆ: ಒಂದು ಯೂನಿಟ್‌ಗೆ ಎಲ್ಲ ಕೊಡುವ ಬಿಸಿಯೂ ಒಂದೇ. ಎಣ್ಣೆಯದು ಸದ್ದು ಮಾಡುವುದಿಲ್ಲ, ಮಲಗುವ ಕೋಣೆಗೆ ಅದು ವಾಸಿ. ಯಾವುದಾದರೂ ಗೋಡೆಯ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಶನ್‌ಗೆ ಅಲ್ಲ. ಪರದೆ, ಹಾಸಿಗೆಯಿಂದ ಮೂರಡಿ ದೂರ ಇರಲಿ. ಕೂಸಿಗೆ ಕರೆಂಟ್ ಹೊದಿಕೆ ಹೊದಿಸಬೇಡಿ.

ಬಾಣಂತನದ ಮನೆಗಳಿಗೆ ಒಂದು ಮಾತು. ಕೂಸಿಗೆ ಸಾಂಬ್ರಾಣಿ ಹಾಕಲು ಅತ್ತೆ ಇದ್ದಿಲು ಕೇಳಿದರು. ಊರಿನ ಹೆಂಚಿನ ಮನೆಯಲ್ಲಿ ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ನಾವು ಫೋಮ್ ಹೊಡೆದು ಸಂದೆಲ್ಲ ಮುಚ್ಚಿದ್ದೆವು. ಇಂಥ ಮನೆಯೊಳಗೆ ಇದ್ದಿಲು ಕೆಂಡ, ಅಗ್ಗಿಷ್ಟಿಕೆ, ಗ್ಯಾಸ್ ಓವನ್ ಬಾಗಿಲು ತೆರೆದು ಕಾಯಿಸಿಕೊಳ್ಳುವುದು, ಯಾವುದೂ ಕೂಡದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಪ್ರತಿ ಮಹಡಿಗೂ ಅದರ ಅಲಾರಂ ಬೇಕು. ಅತ್ತೆ ಎರಡು ದಿನ ಮುನಿಸಿಕೊಂಡಿದ್ದರು, ಆಮೇಲೆ ಸರಿಹೋದರು.

ಬಾಡಿಗೆ ಮನೆಯವರಿಗೆ

ನೀವು ಅಟ್ಟ ಮುಟ್ಟುವ ಹಾಗಿಲ್ಲ, ಫರ್ನೇಸ್ ಬದಲಿಸುವ ಹಾಗಿಲ್ಲ. ನಿಮ್ಮ ಆಯ್ಕೆ ಇರುವುದು ಸಹಿ ಹಾಕುವ ಮೊದಲು. ಬಿಸಿ ಬಾಡಿಗೆಯಲ್ಲೇ ಸೇರಿದೆಯಾ? ಇಲ್ಲದಿದ್ದರೆ ಗ್ಯಾಸಾ, ಬೇಸ್‌ಬೋರ್ಡಾ? ಬಾಡಿಗೆ 80 ಡಾಲರ್ ಕಡಿಮೆ ಅಂತ ಬೇಸ್‌ಬೋರ್ಡ್ ಮನೆ ಹಿಡಿದ ನಮ್ಮ ಹುಡುಗರು ಫೆಬ್ರವರಿಯಲ್ಲಿ ಅತ್ತಿದ್ದನ್ನು ಕಂಡಿದ್ದೇನೆ. ಮೂಲೆ ಮನೆಗಿಂತ ನಡುವಿನ ಮನೆ ಬೆಚ್ಚಗೆ. ಹಿಂದಿನ ಜನವರಿ ಬಿಲ್ ಎಷ್ಟು ಬಂದಿತ್ತು ಅಂತ ಕೇಳಿ, ನಾಚಿಕೊಳ್ಳಬೇಡಿ.

ಒಳಗೆ ಹೋದ ಮೇಲೆ ಕಿಟಕಿಗೆ ಪ್ಲಾಸ್ಟಿಕ್ ಪೊರೆ ಅಂಟಿಸುವ ಕಿಟ್ ಸಿಗುತ್ತದೆ. ಚೌಕಟ್ಟಿಗೆ ಟೇಪ್ ಹಾಕಿ, ಪೊರೆ ಅಂಟಿಸಿ, ಹೇರ್ ಡ್ರೈಯರ್ ಹಿಡಿದರೆ ಸುಕ್ಕೆಲ್ಲ ಹೋಗಿ ಗಾಜಿನ ಹಾಗೆ ಬಿಗಿಯಾಗುತ್ತದೆ. ಗಾಳಿ ಬೀಸಿದಾಗ ಆ ಪೊರೆ ಒಳಗೆ ಉಬ್ಬಿದರೆ ಕಿಟಕಿ ಎಷ್ಟು ಸೋರುತ್ತಿತ್ತು ಅಂತ ಅರ್ಥವಾಗುತ್ತದೆ.

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಗ್ಗರಣೆ ಮುಗಿದ ಮೇಲೆ ಮರೆಯದೆ ಆರಿಸಿ, ಅದು ಕಾಸು ಕೊಟ್ಟು ಕಾಯಿಸಿದ ಗಾಳಿಯನ್ನು ಹೊರಗೆ ಹಾಕುತ್ತಿರುತ್ತದೆ. ಬಳಸದ ಕೋಣೆಯ ವೆಂಟ್ ಮುಚ್ಚುವುದರಿಂದ ಏನೂ ಉಳಿಯುವುದಿಲ್ಲ, ಫರ್ನೇಸಿನ ಬ್ಲೋವರಿಗೆ ಉಸಿರು ಕಟ್ಟುತ್ತದೆ ಅಷ್ಟೇ.

68ರ ಮನೆಯಲ್ಲಿ ಒಂದೇ ಕಷ್ಟ: ದೋಸೆ ಹಿಟ್ಟು ಹುದುಗುವುದಿಲ್ಲ. ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಹಿಟ್ಟು ಒಳಗಿಡಿ, ಬೆಳಿಗ್ಗೆ ಉಬ್ಬಿರುತ್ತದೆ. ಓವನ್ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ. ನಾನು ಅಂಟಿಸಿರಲಿಲ್ಲ. ಬೆಳಿಗ್ಗೆ ಎದ್ದು ಯಾವುದಕ್ಕೋ ಅಂತ 400 ಡಿಗ್ರಿಗೆ ಓವನ್ ಹಚ್ಚಿದೆ. ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮೂರು ಸೇರು ಹಿಟ್ಟು. ಅತ್ತೆ ಏನೂ ಅನ್ನಲಿಲ್ಲ. ಉಪ್ಪಿಟ್ಟಿಗೆ ರವೆ ಹುರಿಯಲು ಹೋದರು.